ಹಂಪೆಯ ಗಜಶಾಲೆಯ ಅಳತೆಚಿತ್ರ: ಅದರ ಸಂಕೇತಾರ್ಥ ಮತ್ತು ಭೀಮಾ-ಕಾಗಿಣಾ ತೀರದ ವಾಸ್ತುಪರಂಪರೆ

1. ವಿಷಯಪ್ರವೇಶ

ರಥ, ಗಜ, ತುರಗ, ಪದಾತಿಗಳೆಂಬ ಚತುರಂಗಬಲವು ರಾಜ್ಯದ ಸಪ್ತಾಂಗಗಳಲ್ಲಿ ಒಂದಾದ ದಂಡದ ಸ್ವರೂಪವೆಂದು ನಮ್ಮ ಪ್ರಾಚೀನ ರಾಜನೀತಿಜ್ಞರು ಗಣಿಸಿದ್ದರು. ಇವುಗಳಲ್ಲಿ ರಥವು ಕಾಲಕ್ರಮದಲ್ಲಿ ಯುದ್ಧಭೂಮಿಯಿಂದ ಮರೆಯಾಗಿ ದೇವರ ಉತ್ಸವಕ್ಕೆ ಮೀಸಲಾಯಿತು. ಆನೆ ಮತ್ತು ಕುದುರೆಗಳಾದರೋ ಮಧ್ಯಯುಗದ ಕೊನೆಯವರೆಗೂ ರಾಜಶಕ್ತಿಯ ಎರಡು ಕಣ್ಣುಗಳಾಗಿಯೇ ಉಳಿದುವು. ಇಂತಹ ಪ್ರಾಣಿಗಳಿಗಾಗಿ ಅರಸರು ಕಟ್ಟಿಸಿದ ಶಾಲೆಗಳು ದೇವಾಲಯಗಳಷ್ಟು ಗಟ್ಟಿಯಾಗಿ ಉಳಿದುಬಂದಿಲ್ಲ. ಬಹುಮಟ್ಟಿಗೆ ಅವು ಮರ, ಹುಲ್ಲು, ಮಣ್ಣುಗಳಿಂದಾದುವು. ಅರಸೊತ್ತಿಗೆ ಅಳಿದೊಡನೆ ಅವೂ ಅಳಿದುವು. ಕರ್ನಾಟಕದಲ್ಲಿ ಇಂದಿಗೂ ನಿಂತಿರುವ ಹಂಪೆಯ ಗಜಶಾಲೆಯು ಈ ಕಾರಣದಿಂದಲೇ ಅಪೂರ್ವವಾದುದು.

ಈ ಕಟ್ಟಡವನ್ನು ಕುರಿತು ಬರೆದವರು ಅನೇಕರು. ಆದರೆ ಅವರಲ್ಲಿ ಬಹುಜನರು ಅದರ ಗುಮ್ಮಟಗಳನ್ನು ನೋಡಿ ಅದನ್ನು 'ಮುಸಲ್ಮಾನ ಶೈಲಿ'ಯೆಂದೋ, ಕಟ್ಟಿಸಿದವರನ್ನು ನೆನೆದು 'ಹಿಂದೂ ಕಟ್ಟಡ'ವೆಂದೋ ಒಂದು ಮಾತಿನಲ್ಲಿ ಮುಗಿಸಿರುವರು. ಲಾಂಗ್‌ಹರ್ಸ್ಟ್ ಮೊದಲಾದ ಹಿಂದಿನ ವಿದ್ವಾಂಸರು ಹಂಪೆಯ ಅರಮನೆಯ ಭಾಗದ ಇಂತಹ ಕಟ್ಟಡಗಳಿಗೆ 'ಇಂಡೋ-ಸಾರಸೆನಿಕ್' ಎಂಬ ಹೆಸರನ್ನು ಬಳಸಿದರು. ಹೆಸರಿಟ್ಟ ಮಾತ್ರಕ್ಕೆ ವಸ್ತುವು ಅರ್ಥವಾದಂತಾಗುವುದಿಲ್ಲ. ಕಟ್ಟಡದ ಅಳತೆಚಿತ್ರವನ್ನು, ಎಂದರೆ ಅದರ ತಲವಿನ್ಯಾಸ ಮತ್ತು ಮುಖವಿನ್ಯಾಸಗಳನ್ನು ಮುಂದಿಟ್ಟುಕೊಂಡು, ಒಂದೊಂದು ಗೆರೆಯೂ ಏಕೆ ಅಲ್ಲಿದೆ ಎಂದು ಕೇಳುತ್ತ ಹೋದರೆ ಮಾತ್ರ ಅದನ್ನು ಕಟ್ಟಿದವರ ಮನಸ್ಸು ತಿಳಿಯುವುದು. ಪ್ರಕೃತ ಲೇಖನದಲ್ಲಿ ನಾವು ಆ ಕ್ರಮವನ್ನು ಅನುಸರಿಸಿರುವೆವು.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳನ್ನೊಳಗೊಂಡ ನಮ್ಮ ಪ್ರದೇಶಕ್ಕೂ ತುಂಗಭದ್ರೆಯ ದಡದ ಒಂದು ಗಜಶಾಲೆಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವಿದೆಯೆಂಬುದನ್ನೂ, ಆ ಚಿತ್ರದ ಗೆರೆಗಳಲ್ಲಿ ಕೆಲವು ಭೀಮಾ-ಕಾಗಿಣಾ ತೀರದಲ್ಲಿಯೇ ಮೊದಲು ಎಳೆಯಲ್ಪಟ್ಟುವೆಂಬುದನ್ನೂ ತೋರಿಸುವುದು ಈ ಲೇಖನದ ಮುಖ್ಯ ಉದ್ದೇಶ.

2. ಚಿತ್ರದ ವಿವರ

ಹಂಪೆಯ ಅವಶೇಷಗಳ ಮೊದಲ ನಕ್ಷೆಯನ್ನು 18ನೆಯ ಶತಮಾನವು ಮುಗಿಯುವ ಹೊತ್ತಿಗೆ ಕಾಲಿನ್ ಮೆಕೆಂಜಿಯು ಸಿದ್ಧಗೊಳಿಸಿದನು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿಯು ಅಲ್ಲಿಯ ಕಟ್ಟಡಗಳ ಛಾಯಾಚಿತ್ರಗಳನ್ನು ತೆಗೆದನು. ಆದರೆ ಅರಮನೆಯ ಭಾಗದ ಒಂದೊಂದು ಕಟ್ಟಡವನ್ನೂ ಅಳೆದು, ಮಾನಕ್ಕನುಸಾರವಾಗಿ ಚಿತ್ರಿಸುವ ಕಾರ್ಯವು ವ್ಯವಸ್ಥಿತವಾಗಿ ನಡೆದುದು 1980ರ ನಂತರ, ಜಾನ್ ಫ್ರಿಟ್ಜ್ ಮತ್ತು ಜಾರ್ಜ್ ಮಿಶೆಲ್ ಅವರ ನೇತೃತ್ವದಲ್ಲಿ. ಇಂತಹ ಅಳತೆಚಿತ್ರಗಳಿಂದ ತಿಳಿದುಬರುವ ಗಜಶಾಲೆಯ ಸ್ವರೂಪವು ಹೀಗಿದೆ.

ತಲವಿನ್ಯಾಸದಲ್ಲಿ ಕಾಣುವುದು ಉತ್ತರ-ದಕ್ಷಿಣವಾಗಿ ಚಾಚಿದ ಒಂದೇ ಸಾಲು. ಅದರಲ್ಲಿ ಹನ್ನೊಂದು ಕೋಣೆಗಳು. ಪ್ರತಿಯೊಂದು ಕೋಣೆಗೂ ಪಶ್ಚಿಮದ ಕಡೆಗೆ ಆನೆಯು ಸರಾಗವಾಗಿ ನುಗ್ಗಬಹುದಾದಷ್ಟು ಎತ್ತರವೂ ಅಗಲವೂ ಆದ ಕಮಾನುದ್ವಾರವಿದೆ. ಕಟ್ಟಡದ ಮುಂದೆ ವಿಶಾಲವಾದ ಬಯಲು. ಬಯಲಿನ ಉತ್ತರಕ್ಕೆ ದಕ್ಷಿಣಾಭಿಮುಖವಾಗಿ ಮತ್ತೊಂದು ಉದ್ದನೆಯ ಕಟ್ಟಡ, ಇದನ್ನು ಕಾವಲುಗಾರರ ವಸತಿಯೆಂದು ಕರೆಯುವುದು ರೂಢಿ. ಪಶ್ಚಿಮಕ್ಕೆ ಕಮಲಮಹಲ್ ಇರುವ ಆವರಣ ಮತ್ತು ಅರಮನೆಯ ಕೇಂದ್ರಭಾಗ.

ಮುಖವಿನ್ಯಾಸವು ಇದಕ್ಕಿಂತ ಹೆಚ್ಚು ಮಾತನಾಡುತ್ತದೆ. ನಡುವಿನ ಕೋಣೆಯ ಮೇಲೆ ಒಂದು ಉಪ್ಪರಿಗೆಯಿದ್ದು, ಈಗ ಅದರ ಕೆಲವು ಭಾಗಗಳು ಮಾತ್ರ ಉಳಿದಿವೆ. ಅದರ ಎಡಕ್ಕೆ ಐದು, ಬಲಕ್ಕೆ ಐದು ಗುಮ್ಮಟಗಳು. ಈ ಹತ್ತು ಗುಮ್ಮಟಗಳು ಒಂದೇ ಆಕಾರದವಲ್ಲ. ಕೆಲವು ನುಣುಪಾದ ಅರ್ಧಗೋಳಗಳು. ಕೆಲವು ಪಟ್ಟಿಪಟ್ಟಿಯಾಗಿ ಉಬ್ಬಿದುವು. ಮತ್ತೆ ಕೆಲವು ಮುಖಮುಖವಾಗಿ ಕಡಿದಂತಿರುವ ಬಹುಕೋನಾಕೃತಿಗಳು. ಆದರೆ ಎಡಗಡೆಯ ಸಾಲಿನಲ್ಲಿ ಯಾವ ಕ್ರಮವಿದೆಯೋ ಬಲಗಡೆಯಲ್ಲಿ ಅದೇ ಕ್ರಮವು ಕನ್ನಡಿಯಲ್ಲಿ ಮೂಡಿದಂತೆ ತಿರುಗಿ ಬಂದಿದೆ. ಕಮಾನುಗಳು ಒಂದರೊಳಗೊಂದು ಹಿಂದಕ್ಕೆ ಸರಿದು ನೆರಳನ್ನು ಹಿಡಿಯುವಂತೆ ರಚಿತವಾಗಿವೆ. ಅವುಗಳ ನಡುವಣ ಗೋಡೆಗಳಲ್ಲಿ ಸಣ್ಣ ಕಮಾನುಗೂಡುಗಳಿದ್ದು, ಮೇಲೆ ಮುಂಚಾಚಿದ ಸೂರು ಕಟ್ಟಡದ ಉದ್ದಕ್ಕೂ ಒಂದೇ ಗೆರೆಯಾಗಿ ಹರಿದಿದೆ.

ಇಲ್ಲಿ ಅಳತೆಚಿತ್ರದ ಒಂದು ಇತಿಮಿತಿಯನ್ನು ಹೇಳಬೇಕು. ನಡುವಿನ ಉಪ್ಪರಿಗೆಯು ಬಿದ್ದುಹೋಗಿರುವುದರಿಂದ ಚಿತ್ರಕಾರನು ಅದನ್ನು ಪೂರ್ತಿಗೊಳಿಸಲು ಬಯಸುವುದು ಸಹಜ. ಉಳಿದಿರುವುದನ್ನು ತುಂಬುಗೆರೆಯಿಂದಲೂ ಊಹಿಸಿದುದನ್ನು ತುಂಡುಗೆರೆಯಿಂದಲೂ ತೋರಿಸುವುದು ಪ್ರಾಮಾಣಿಕವಾದ ಕ್ರಮ. ಆ ಉಪ್ಪರಿಗೆಯಲ್ಲಿ ವಾದ್ಯಗಾರರು ಕುಳಿತು ಆನೆಗಳು ಹೊರಡುವಾಗ ಭೇರಿ ಬಾರಿಸುತ್ತಿದ್ದರೆಂಬುದು ಬಹುಕಾಲದಿಂದ ಬಂದ ಊಹೆ. ಅದೂ ಒಂದು ತುಂಡುಗೆರೆಯೇ ಹೊರತು ತುಂಬುಗೆರೆಯಲ್ಲ.

3. ಇದು ನಿಜವಾಗಿಯೂ ಗಜಶಾಲೆಯೆ?

ಕಟ್ಟಡದ ಮೇಲೆ ಅದರ ಉಪಯೋಗವನ್ನು ಹೇಳುವ ಶಾಸನವಿಲ್ಲ. 'ಆನೆಲಾಯ'ವೆಂಬುದು ರೂಢಿಯಿಂದ ಬಂದ ಹೆಸರು. ಆದುದರಿಂದ ಸಂಕೇತಾರ್ಥವನ್ನು ವಿಚಾರಿಸುವ ಮುನ್ನ ಸಮಕಾಲೀನ ಪ್ರವಾಸಿಗಳ ಮಾತನ್ನು ಪರಿಶೀಲಿಸುವುದು ಅವಶ್ಯಕ.

ಹೆರಾತಿನ ಸುಲ್ತಾನ ಶಾಹ್‌ರುಖನ ರಾಯಭಾರಿಯಾಗಿ 1443ರಲ್ಲಿ ಇಮ್ಮಡಿ ದೇವರಾಯನ ಆಸ್ಥಾನಕ್ಕೆ ಬಂದ ಅಬ್ದುರ್ ರಜಾಕನು ಆನೆಗಳ ವಸತಿಯನ್ನು ವಿವರವಾಗಿ ವರ್ಣಿಸಿರುವನು. ಒಂದೊಂದು ಆನೆಗೂ ಪ್ರತ್ಯೇಕವಾದ ಕೋಣೆಯಿತ್ತೆಂದೂ, ಗೋಡೆಗಳು ಅತ್ಯಂತ ಬಲವಾಗಿದ್ದುವೆಂದೂ, ಮೇಲ್ಛಾವಣಿಯು ಭಾರಿಯಾದ ಮರಗಳಿಂದಾಗಿತ್ತೆಂದೂ, ಆನೆಯ ಕೊರಳಿಗೂ ಬೆನ್ನಿಗೂ ಬಿಗಿದ ಸರಪಳಿಗಳನ್ನು ಮೇಲ್ಛಾವಣಿಗೆ ಕಟ್ಟುತ್ತಿದ್ದರೆಂದೂ ಅವನ ವರ್ಣನೆಯಿಂದ ತಿಳಿಯುವುದು. ಆನೆಗಳಿಗೆ ಖಿಚಡಿಯನ್ನು ಬೇಯಿಸಿ, ಉಪ್ಪು-ಸಕ್ಕರೆಗಳನ್ನು ಬೆರಸಿ, ಉಂಡೆಕಟ್ಟಿ ಬೆಣ್ಣೆಯಲ್ಲಿ ಅದ್ದಿ ತಿನ್ನಿಸುತ್ತಿದ್ದುದನ್ನೂ ಅವನು ಹೇಳಲು ಮರೆತಿಲ್ಲ.

ಪ್ರತ್ಯೇಕ ಕೋಣೆ, ಬಲವಾದ ಗೋಡೆ ಎಂಬ ಮಾತುಗಳು ನಮ್ಮ ಚಿತ್ರಕ್ಕೆ ಸರಿಹೊಂದುತ್ತವೆ. ಮರದ ಮೇಲ್ಛಾವಣಿಯೆಂಬುದು ಹೊಂದುವುದಿಲ್ಲ. ಆದರೆ ಇದರಿಂದ ಕಟ್ಟಡವು ಗಜಶಾಲೆಯಲ್ಲವೆಂದು ತೀರ್ಮಾನಿಸಲಾಗದು. 16ನೆಯ ಶತಮಾನದ ಆದಿಭಾಗದ ಪೋರ್ಚುಗೀಸ್ ಲೇಖಕ ಬಾರ್ಬೋಸನು ವಿಜಯನಗರದ ಅರಸನ ಬಳಿ 900ಕ್ಕೂ ಹೆಚ್ಚು ಆನೆಗಳಿದ್ದುವೆಂದು ಬರೆದಿರುವನು. ಹನ್ನೊಂದು ಕೋಣೆಗಳಲ್ಲಿ ಎರಡೆರಡು ಆನೆಗಳನ್ನು ಕಟ್ಟಿದರೂ 22 ಆನೆಗಳಿಗೆ ಮಾತ್ರ ಅಲ್ಲಿ ಸ್ಥಳ. ಸೈನ್ಯದ ನೂರಾರು ಆನೆಗಳು ರಜಾಕನು ಕಂಡಂತಹ ಮರದ ಮಾಡಿನ ಶಾಲೆಗಳಲ್ಲಿಯೇ ಇದ್ದಿರಬೇಕು. ಈ ಗುಮ್ಮಟದ ಸಾಲು ಸೈನ್ಯಕ್ಕಾಗಿ ಕಟ್ಟಿದುದಲ್ಲ. ಉತ್ಸವಗಳಲ್ಲಿ ಅರಸನ ಮುಂದೆ ನಡೆಯುವ ಪಟ್ಟದ ಆನೆಗಳಿಗಾಗಿ ಕಟ್ಟಿದುದು. ಲೆಕ್ಕವೇ ಇದನ್ನು ಸೂಚಿಸುತ್ತದೆ. ಪ್ರಾಣಿಯನ್ನು ಮಳೆ-ಬಿಸಿಲುಗಳಿಂದ ಕಾಪಾಡಲು ಮರದ ಮಾಡು ಸಾಕಾಗಿತ್ತು. ಗಾರೆಯ ಗುಮ್ಮಟವನ್ನು ಕಟ್ಟಿಸಿದ ಅರಸನು ಆನೆಯ ಸುಖಕ್ಕಿಂತ ಹೆಚ್ಚಿನದೇನನ್ನೋ ಹೇಳಬಯಸಿದ್ದನು.

4. ಶಾಸ್ತ್ರದ ಮಾತು ಮತ್ತು ಚಿತ್ರದ ಮಾತು

ರಾಜನ ಆನೆ-ಕುದುರೆಗಳ ಶಾಲೆಗಳು ಹೇಗಿರಬೇಕೆಂಬುದನ್ನು ವಿಧಿಸುವ ಗ್ರಂಥಗಳಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವು ಪ್ರಾಚೀನವಾದುದು. 1905ರಲ್ಲಿ ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳು ಇದರ ಹಸ್ತಪ್ರತಿಯನ್ನು ಗುರುತಿಸಿ, 1909ರಲ್ಲಿ ಪ್ರಕಟಿಸಿದುದು ಕನ್ನಡಿಗರು ಹೆಮ್ಮೆಪಡಬೇಕಾದ ಸಂಗತಿ. ಅದರ ಎರಡನೆಯ ಅಧಿಕರಣದಲ್ಲಿ ಅಶ್ವಾಧ್ಯಕ್ಷ, ಹಸ್ತ್ಯಧ್ಯಕ್ಷರ ಕರ್ತವ್ಯಗಳನ್ನು ಹೇಳುವ ಪ್ರಕರಣಗಳಿವೆ.

ಅಶ್ವಶಾಲೆಯ ಉದ್ದವು ಕುದುರೆಗಳ ಸಂಖ್ಯೆಗೆ ತಕ್ಕಂತಿರಬೇಕು. ಅಗಲವು ಕುದುರೆಯ ಉದ್ದದ ಇಮ್ಮಡಿಯಿರಬೇಕು. ನಾಲ್ಕು ಬಾಗಿಲುಗಳೂ, ಕುದುರೆಗಳು ಹೊರಳಾಡಲು ನಡುವೆ ಸ್ಥಳವೂ, ಮುಂದೆ ಮೊಗಸಾಲೆಯೂ ಇರಬೇಕು. ಒಂದೊಂದು ಕುದುರೆಯ ನಿಲುಗಡೆಯೂ ಅದರ ಉದ್ದವನ್ನೇ ಬಾಹುವಾಗುಳ್ಳ ಚತುರಸ್ರವಾಗಿದ್ದು, ನೆಲಕ್ಕೆ ನುಣುಪಾದ ಹಲಗೆ, ಮೇವಿಗೆ ಗೋದಲಿ, ಮೂತ್ರ-ಲದ್ದಿಗಳು ಹೋಗಲು ದಾರಿ ಇವುಗಳಿಂದ ಕೂಡಿರಬೇಕು. ಶಾಲೆಯ ಸುತ್ತ ಕಪಿ, ನವಿಲು, ಮುಂಗುಸಿ, ಗಿಳಿ ಮೊದಲಾದುವನ್ನು ಇರಿಸಬೇಕೆಂಬ ವಿಧಿಯೂ ಅಲ್ಲಿದೆ. ಗಜಶಾಲೆಗೆ ಹೇಳಿರುವ ವಿಧಿಯೂ ಇದೇ ಜಾತಿಯದು: ಎತ್ತರ, ಅಗಲ, ಉದ್ದಗಳು ಆನೆಯ ಉದ್ದದ ಇಮ್ಮಡಿ, ಹೆಣ್ಣಾನೆಗಳಿಗೆ ಬೇರೆ ಸ್ಥಳ, ಕಟ್ಟುಗಂಬವುಳ್ಳ ಚತುರಸ್ರವಾದ ನಿಲುಗಡೆ, ಮುಖವು ಪೂರ್ವಕ್ಕಾಗಲಿ ಉತ್ತರಕ್ಕಾಗಲಿ ಇರತಕ್ಕದ್ದು. ದುರ್ಗನಿವೇಶ ಪ್ರಕರಣದಲ್ಲಿ ಹಸ್ತಿಶಾಲೆಗೆ ಅರಮನೆಯ ಪೂರ್ವದಿಕ್ಕಿನ ದಕ್ಷಿಣಭಾಗವನ್ನು ಗೊತ್ತುಪಡಿಸಿದೆ.

ಈ ವಿಧಿಗಳ ಮೂಲದಲ್ಲಿ ಒಂದೇ ತತ್ತ್ವವಿದೆ. ಪ್ರಾಣಿಯ ದೇಹವೇ ಕಟ್ಟಡದ ಮಾನದಂಡ. ದೇವಾಲಯದಲ್ಲಿ ಮೂರ್ತಿಯ ಅಥವಾ ಗರ್ಭಗೃಹದ ಅಳತೆಯಿಂದ ಉಳಿದ ಅಳತೆಗಳು ಹೊರಡುವಂತೆ, ಇಲ್ಲಿ ಆನೆಯ ಅಥವಾ ಕುದುರೆಯ ಉದ್ದದಿಂದ ಎಲ್ಲವೂ ಹೊರಡುವುದು. ಹಂಪೆಯ ಚಿತ್ರದಲ್ಲಿ ಒಂದು ಚೌಕದ ಕೋಣೆಯನ್ನು ಮೂಲಘಟಕವಾಗಿಟ್ಟುಕೊಂಡು ಅದನ್ನೇ ಸಾಲಾಗಿ ಜೋಡಿಸಿರುವುದು ಈ ತತ್ತ್ವಕ್ಕೆ ಅನುಗುಣವಾಗಿಯೇ ಇದೆ. ಶಾಲೆಯು ಅರಮನೆಯ ಕೇಂದ್ರಕ್ಕೆ ಪೂರ್ವಭಾಗದಲ್ಲಿರುವುದೂ, ಪೂರ್ವದಕ್ಷಿಣಕ್ಕೆ ಬದಲು ಈಶಾನ್ಯಕ್ಕೆ ಸರಿದಿದ್ದರೂ, ಸ್ಥೂಲವಾಗಿ ಶಾಸ್ತ್ರದ ದಿಕ್ಕಿಗೆ ಒಪ್ಪುತ್ತದೆ.

ಆದರೆ ಒಂದು ಮುಖ್ಯ ವಿಷಯದಲ್ಲಿ ಚಿತ್ರವು ಶಾಸ್ತ್ರವನ್ನು ಮೀರಿದೆ. ಶಾಸ್ತ್ರವು ಪೂರ್ವಾಭಿಮುಖ ಅಥವಾ ಉತ್ತರಾಭಿಮುಖ ಎಂದರೆ, ಹಂಪೆಯ ಗಜಶಾಲೆಯು ಪಶ್ಚಿಮಾಭಿಮುಖವಾಗಿದೆ. ಇದು ಅಜ್ಞಾನದಿಂದಾದ ಲೋಪವೆಂದು ಭಾವಿಸಲು ಆಧಾರವಿಲ್ಲ. ಅರಮನೆಯ ಪೂರ್ವಕ್ಕಿರುವ ಶಾಲೆಯು ಪೂರ್ವಕ್ಕೆ ಮುಖಮಾಡಿದರೆ ಅದು ಅರಸನಿಗೆ ಬೆನ್ನು ತೋರಿಸಿದಂತಾಗುವುದು. ವಾಸ್ತುಕಾರನು ಸೂರ್ಯನ ದಿಕ್ಕನ್ನು ಬಿಟ್ಟು ಅರಸನ ದಿಕ್ಕನ್ನು ಆರಿಸಿಕೊಂಡನು. ಹನ್ನೊಂದು ದ್ವಾರಗಳೂ ಒಂದೇ ಬಯಲಿಗೆ, ಆ ಬಯಲಿನಾಚೆ ಅರಮನೆಗೆ ತೆರೆದುಕೊಳ್ಳುತ್ತವೆ.

ಬಯಲಿಗೂ ಶಾಸ್ತ್ರದ ಹಿನ್ನೆಲೆಯಿಲ್ಲದಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮುಮ್ಮಡಿ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಗಜವಾಹ್ಯಾಳಿ, ತುರಗವಾಹ್ಯಾಳಿ ಎಂಬ ವಿನೋದಗಳ ವಿವರವಿದೆ. ವಾಹ್ಯಾಳಿಯೆಂದರೆ ಅರಸನು ಆನೆ-ಕುದುರೆಗಳ ಓಟವನ್ನೂ ಚಾತುರ್ಯವನ್ನೂ ಪರಿವಾರದೊಡನೆ ಕುಳಿತು ನೋಡುವ ಬಯಲು. ಕೌಟಿಲ್ಯನಲ್ಲಿ ಆನೆಯು ಆಡಳಿತದ ವಿಷಯ. ಸೋಮೇಶ್ವರನಲ್ಲಿ ಅದು ನೋಟದ ವಿಷಯವೂ ಹೌದು. ಹಂಪೆಯ ಚಿತ್ರವು ಎರಡನೆಯ ಸಂಪ್ರದಾಯಕ್ಕೆ ಹತ್ತಿರವಾದುದು. ಆ ಸಂಪ್ರದಾಯವಾದರೋ ಹುಟ್ಟಿದುದು ನಮ್ಮ ನೆರೆಯ ಬಸವಕಲ್ಯಾಣದಲ್ಲಿ.

5. ಭೀಮಾ-ಕಾಗಿಣಾ ತೀರದ ದಾಯ

ಈಗ ನಮ್ಮ ಪ್ರದೇಶದ ಕಡೆಗೆ ತಿರುಗೋಣ. ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ನದಿಯ ದಡದ ಮಳಖೇಡವು ರಾಷ್ಟ್ರಕೂಟರ ಮಾನ್ಯಖೇಟವೆಂಬುದು ಸರ್ವವಿದಿತ. ಅಮೋಘವರ್ಷ ನೃಪತುಂಗನ ಕಾಲದಲ್ಲಿ, 851ರ ಸುಮಾರಿಗೆ, ಅರಬ್ ವರ್ತಕ ಸುಲೈಮಾನನು 'ಬಲ್ಹರಾ' ಎಂಬ ಹೆಸರಿನಿಂದ ರಾಷ್ಟ್ರಕೂಟ ದೊರೆಯನ್ನು ಲೋಕದ ನಾಲ್ವರು ಮಹಾರಾಜರಲ್ಲಿ ಒಬ್ಬನೆಂದು ಎಣಿಸಿ, ಅವನಿಗೆ ಬಹಳ ಕುದುರೆಗಳೂ ಆನೆಗಳೂ ಇದ್ದುವೆಂದು ಹೇಳಿರುವನು. ಆ ಆನೆ-ಕುದುರೆಗಳು ನಿಂತ ಶಾಲೆಗಳ ಕುರುಹು ಇಂದು ಮಳಖೇಡದ ನೆಲದ ಮೇಲೆ ಕಾಣಿಸದು. ಈಗ ಕಾಣುವ ಕೋಟೆಯ ಬಹುಭಾಗವು ಮುಂದಿನ ಕಾಲದ್ದು.

ಶಾಸ್ತ್ರಾಧ್ಯಯನದ ಪರಂಪರೆಯೂ ಇಲ್ಲಿ ದುರ್ಬಲವಾಗಿರಲಿಲ್ಲ. ಚಿತ್ತಾಪುರದ ಸಮೀಪದ ನಾಗಾವಿಯ 1058ರ ಶಾಸನವು ಅಲ್ಲಿಯ ಘಟಿಕಾಸ್ಥಾನದಲ್ಲಿ ವೇದಾಧ್ಯಯನ ಮಾಡುವ 200 ಮಂದಿ, ಶಾಸ್ತ್ರಾಧ್ಯಯನ ಮಾಡುವ 50 ಮಂದಿ ವಿದ್ಯಾರ್ಥಿಗಳಿಗೂ, ಆರು ಮಂದಿ ಸರಸ್ವತೀ ಭಂಡಾರಿಗಳಿಗೂ ವ್ಯವಸ್ಥೆಯಿದ್ದುದನ್ನು ತಿಳಿಸುವುದು. ಗ್ರಂಥಗಳನ್ನು ಕಾಯಲು ಆರು ಜನರನ್ನು ನೇಮಿಸಿದ ಊರಿನಲ್ಲಿ ಶಾಸ್ತ್ರಪರಂಪರೆಯು ಎಷ್ಟು ಜೀವಂತವಾಗಿತ್ತೆಂಬುದನ್ನು ವಾಚಕರೇ ಊಹಿಸಬಹುದು. ಅಲ್ಲಿಯ ಅರವತ್ತು ಕಂಬದ ಗುಡಿಯು ಕಂಬ-ತೊಲೆಗಳ ವಾಸ್ತುಕ್ರಮಕ್ಕೆ ನಿದರ್ಶನ. ಶಹಾಬಾದಿನ ಸುತ್ತಿನ ಸುಣ್ಣಗಲ್ಲು ಪದರಪದರವಾಗಿ ಸೀಳುವ ಸ್ವಭಾವದ್ದು. ಈ ಪರಸಿ ಕಲ್ಲನ್ನು ನೆಲಕ್ಕೂ ಮಾಳಿಗೆಗೂ ದನದ ಕೊಟ್ಟಿಗೆಯ ಗೋದಲಿಗೂ ಬಳಸುವುದನ್ನು ನಮ್ಮ ಹಳ್ಳಿಗಳಲ್ಲಿ ಕಾಣುವೆವು. ಚಪ್ಪಟೆ ಕಲ್ಲು ದೊರೆಯುವ ನಾಡಿನಲ್ಲಿ ಚಪ್ಪಟೆ ಮಾಡು ಬೆಳೆಯುವುದು ಸಹಜ. ಕಮಾನು, ಗುಮ್ಮಟಗಳು ಕಲ್ಲಿನ ಸ್ವಭಾವದಿಂದ ಹುಟ್ಟಿದುವಲ್ಲ. ಅವು ಗಾರೆಯೊಡನೆ, ಕುಶಲಕರ್ಮಿಗಳೊಡನೆ ಹೊರಗಿನಿಂದ ಬಂದುವು.

1347ರಲ್ಲಿ ಬಹಮನಿ ರಾಜ್ಯವು ಸ್ಥಾಪಿತವಾಗಿ ಕಲಬುರಗಿಯು ರಾಜಧಾನಿಯಾಯಿತು. 1367ರಲ್ಲಿ ಕಲಬುರಗಿಯ ಕೋಟೆಯೊಳಗೆ ಕಟ್ಟಲ್ಪಟ್ಟ ಜಾಮಿ ಮಸೀದಿಯ ಶಾಸನದಲ್ಲಿ ಇರಾನದ ಕಜ್ವೀನ್ ಮೂಲದ ರಫಿಯೆಂಬವನ ಹೆಸರಿದೆ. ಮಸೀದಿಯಲ್ಲಿ ತೆರೆದ ಅಂಗಳವಿಲ್ಲ. ಚೌಕದ ಅಂಕಣ, ಅದರ ನಾಲ್ಕು ಕಡೆ ಕಮಾನು, ಮೇಲೊಂದು ಗುಮ್ಮಟ, ಈ ಘಟಕವನ್ನೇ ಸಾಲುಸಾಲಾಗಿ ಜೋಡಿಸಿ ಇಡೀ ಕಟ್ಟಡವನ್ನು ಮುಚ್ಚಲಾಗಿದೆ. ಘಟಕವನ್ನು ಜೋಡಿಸುವ ಈ ವಿದ್ಯೆಯು ದಖ್ಖನಿನ ಕುಶಲಕರ್ಮಿಗಳ ಕೈಗೆ ಬಂದುದು ಇಂತಹ ಕಟ್ಟಡಗಳಿಂದಲೇ.

ಫಿರೋಜ್ ಶಾಹ್ ಬಹಮನಿಯು (1397-1422) ಶಹಾಬಾದಿನ ಪಶ್ಚಿಮಕ್ಕೆ ಭೀಮಾ ತೀರದಲ್ಲಿ 1400ರ ಸುಮಾರಿಗೆ ಫಿರೋಜಾಬಾದ್ ಎಂಬ ಅರಮನೆ-ಪಟ್ಟಣವನ್ನು ಕಟ್ಟಿಸಿದನು. ಅಲ್ಲಿಯ ಸ್ನಾನಗೃಹಗಳ ಮೇಲೆ ಗುಮ್ಮಟಗಳೂ ಮೇಲಕ್ಕೆ ಕಿರಿದಾಗುತ್ತ ಹೋಗುವ ಮಾಡುಗಳೂ ಒಂದರ ಪಕ್ಕ ಒಂದು ನಿಂತಿವೆ. ಅವನ ಸಮಾಧಿಯು ಕಲಬುರಗಿಯ ಹಫ್ತ್ ಗುಂಬಜ್ ಸಮೂಹದಲ್ಲಿದೆ. ಅದಕ್ಕೆ ಒಂದು ಗುಮ್ಮಟವಲ್ಲ, ಅಕ್ಕಪಕ್ಕದಲ್ಲಿ ಎರಡು ಗುಮ್ಮಟಗಳು. ಗೋಡೆಯ ಮೇಲೆ ಎರಡು ಅಂತಸ್ತಿನ ಕಮಾನುಗೂಡುಗಳು. ಮತ್ತು ದೇವಾಲಯದ ಬೋದಿಗೆಗಳನ್ನು ಹೋಲುವ ಕಲ್ಲಿನ ಆಧಾರಗಳ ಮೇಲೆ ಮುಂಚಾಚಿದ ಸೂರು. ಒಂದು ಘಟಕವು ಎರಡಾದುದನ್ನು ಇಲ್ಲಿ ಕಾಣುವೆವು. ಅದನ್ನೇ ಹನ್ನೊಂದಕ್ಕೆ ಬೆಳೆಸಿ, ಸೂರನ್ನು ಒಂದೇ ಗೆರೆಯಾಗಿ ಎಳೆದು, ಗೂಡುಗಳನ್ನು ಕಮಾನುಗಳ ನಡುವೆ ಇಟ್ಟರೆ ಹಂಪೆಯ ಗಜಶಾಲೆಯ ಮುಖವಿನ್ಯಾಸವು ಸಿದ್ಧವಾಗುವುದು.

ಭೀಮೆಯಿಂದ ತುಂಗಭದ್ರೆಗೆ ಈ ವಿದ್ಯೆಯು ಹೋದ ದಾರಿ ರಾಯಚೂರು ದೋಅಬಿನದು. ಆ ದಾರಿಯಲ್ಲಿ ಸೈನ್ಯಗಳು ಮಾತ್ರವಲ್ಲ, ಕುಶಲಕರ್ಮಿಗಳೂ ವರ್ತಕರೂ ನಡೆದಾಡಿದರು. ಫಿರೋಜನಿಗೂ ಒಂದನೆಯ ದೇವರಾಯನಿಗೂ ಯುದ್ಧವಾಗಿ, ಕೊನೆಗೆ ವಿಜಯನಗರದ ರಾಜಕುಮಾರಿಯನ್ನು ಸುಲ್ತಾನನಿಗೆ ವಿವಾಹಮಾಡಿಕೊಟ್ಟರೆಂದು ಫಿರಿಶ್ತನು ಬರೆದಿರುವನು. ಯುದ್ಧ ಮತ್ತು ಸಂಬಂಧ ಎರಡೂ ಸೇರಿಯೇ ಆ ಕಾಲದ ನಾಗರಿಕತೆಯನ್ನು ರೂಪಿಸಿದುವು.

6. ಚಿತ್ರದ ಸಂಕೇತಾರ್ಥ

ವಿಜಯನಗರದ ಅರಸರು ದೇವಾಲಯಗಳನ್ನು ಕಟ್ಟುವಾಗ ಕಂಬ-ತೊಲೆಗಳ ಹಳೆಯ ಕ್ರಮವನ್ನು ಬಿಡಲಿಲ್ಲ. ಅರಮನೆಯ ಭಾಗದಲ್ಲಿ ಕಮಾನು-ಗುಮ್ಮಟಗಳನ್ನು ಧಾರಾಳವಾಗಿ ಬಳಸಿದರು. ಈ ವಿಭಾಗವು ಆಕಸ್ಮಿಕವಲ್ಲ. ದೇವರ ಮನೆಗೆ ಒಂದು ಭಾಷೆ, ರಾಜಸಭೆಗೆ ಇನ್ನೊಂದು ಭಾಷೆ. ರಾಜಸಭೆಯ ಭಾಷೆಯು ಆಗ ಹೆರಾತಿನಿಂದ ದಖ್ಖನಿನವರೆಗೆ ಎಲ್ಲ ಅರಸರಿಗೂ ತಿಳಿಯುವಂತಹುದಾಗಿತ್ತು. 14ನೆಯ ಶತಮಾನದ ಮಧ್ಯದಿಂದಲೇ ವಿಜಯನಗರದ ದೊರೆಗಳು 'ಹಿಂದೂರಾಯ ಸುರತ್ರಾಣ' ಎಂಬ ಬಿರುದನ್ನು ಧರಿಸಿದ್ದರು. ಸುರತ್ರಾಣವೆಂಬುದು ಸುಲ್ತಾನ ಶಬ್ದದ ಸಂಸ್ಕೃತ ರೂಪ. 1996ರಲ್ಲಿ ಫಿಲಿಪ್ ವ್ಯಾಗನರ್ ಅವರು ಈ ಬಿರುದನ್ನೂ ಆಸ್ಥಾನದ ಉಡುಪನ್ನೂ ಒಟ್ಟಿಗೆ ಪರಿಶೀಲಿಸಿ, ಇದು ಅನ್ಯರಿಗೆ ಶರಣಾದುದರ ಗುರುತಲ್ಲ, ವಿಶಾಲವಾದ ರಾಜಮಂಡಲದಲ್ಲಿ ಸಮಾನಸ್ಥಾನವನ್ನು ಸಾರುವ ಕ್ರಮವೆಂದು ಪ್ರತಿಪಾದಿಸಿದರು. ಗಜಶಾಲೆಯ ಗುಮ್ಮಟಗಳು ಅದೇ ಬಿರುದನ್ನು ಗಾರೆಯಲ್ಲಿ ಬರೆದಂತಿವೆ.

ಎರಡನೆಯ ಅರ್ಥವು ನಮ್ಮ ನಾಡಿನ ಹಳೆಯ ಕಲ್ಪನೆಗಳಿಂದ ಬಂದುದು. ಅಶ್ವಪತಿ, ಗಜಪತಿ, ನರಪತಿಯೆಂದು ಅರಸರನ್ನು ಮೂರಾಗಿ ಎಣಿಸುವ ರೂಢಿಯಿತ್ತು. ಉತ್ತರದ ತುರುಷ್ಕ ದೊರೆಗಳು ಅಶ್ವಪತಿಗಳು, ಒಡ್ಡಿಯದ ಅರಸರು ಗಜಪತಿಗಳು, ವಿಜಯನಗರದವರು ನರಪತಿಗಳು. ನರಪತಿಯು ಆನೆಗಳನ್ನೂ ಕುದುರೆಗಳನ್ನೂ ತನ್ನ ಅರಮನೆಯ ಮುಂದೆ ಸಾಲಾಗಿ ನಿಲ್ಲಿಸಿದರೆ ಉಳಿದಿಬ್ಬರ ಬಲವೂ ತನ್ನದೇ ಎಂದು ಸಾರಿದಂತಾಯಿತು. ಇಮ್ಮಡಿ ದೇವರಾಯನು 'ಗಜಬೇಂಟೆಕಾರ'ನೆಂದು ಕರೆಯಿಸಿಕೊಂಡುದೂ, ಅವನ ತಾಮ್ರದ ನಾಣ್ಯಗಳಲ್ಲಿ ಆನೆಯ ರೂಪವಿರುವುದೂ ಈ ಸಂದರ್ಭದಲ್ಲಿ ಸ್ಮರಣೀಯ.

ದೇವಾಲಯಶಿಲ್ಪದಲ್ಲಿಯೂ ಇದೇ ಕ್ರಮವನ್ನು ಕಾಣುತ್ತೇವೆ. ಹಳೇಬೀಡಿನ ಅಧಿಷ್ಠಾನದಲ್ಲಿ ತಳದ ಪಟ್ಟಿಕೆಯು ಆನೆಗಳದು. ಅವುಗಳ ಮೇಲೆ ಸಿಂಹ, ಬಳ್ಳಿ, ಕುದುರೆಸವಾರರ ಪಟ್ಟಿಕೆಗಳು ಏರುತ್ತವೆ. ಹಂಪೆಯ ಹಜಾರರಾಮ ದೇವಾಲಯದ ಪ್ರಾಕಾರದ ಹೊರಮುಖದಲ್ಲಿ ಆನೆ, ಕುದುರೆ, ಕಾಲಾಳು, ನರ್ತಕಿಯರ ಸಾಲುಗಳು ಒಂದರ ಮೇಲೊಂದಿವೆ. ಲೋಕದ ಭಾರವನ್ನು ಹೊರುವುದು ಆನೆಯೆಂಬ ದಿಗ್ಗಜ ಕಲ್ಪನೆಯೇ ಇದರ ಮೂಲ. ಗಜಶಾಲೆಯು ಅಧಿಷ್ಠಾನದ ಗಜಪಟ್ಟಿಕೆಯನ್ನು ಜೀವಂತ ಆನೆಗಳಿಂದ ರಚಿಸಿದಂತಿದೆ. ಬಯಲಿನಲ್ಲಿ ನಿಂತು ನೋಡುವವನಿಗೆ ಒಂದೊಂದು ಕಮಾನಿನಲ್ಲಿಯೂ ಒಂದೊಂದು ಆನೆಯ ಮುಖ. ದೇವಕೋಷ್ಠಗಳಲ್ಲಿ ಮೂರ್ತಿಗಳು ನಿಂತಂತೆ.

ಮೂರನೆಯದು ಪಟ್ಟದ ಪ್ರಾಣಿಯ ಕಲ್ಪನೆ. 1520ರ ಸುಮಾರಿಗೆ ವಿಜಯನಗರವನ್ನು ಕಂಡ ಡೊಮಿಂಗೊ ಪಾಯಿಸನು ಮಹಾನವಮಿಯ ಮೆರವಣಿಗೆಯಲ್ಲಿ ಸವಾರನಿಲ್ಲದ ಒಂದು ಕುದುರೆಯು ಎರಡು ರಾಜಛತ್ರಗಳ ಕೆಳಗೆ ನಡೆದು ಬಂದುದನ್ನು ವರ್ಣಿಸಿರುವನು. ಅರಸರು ಪಟ್ಟವೇರುವಾಗ ಪ್ರತಿಜ್ಞೆಮಾಡುವುದು ಆ ಕುದುರೆಯ ಮೇಲೆ. ಅದು ಸತ್ತರೆ ಇನ್ನೊಂದನ್ನು ಅದರ ಸ್ಥಾನದಲ್ಲಿ ಇರಿಸುವರು. ಕುದುರೆಯ ಮೇಲೆ ಪ್ರತಿಜ್ಞೆ ಬೇಡವೆಂದ ಅರಸನಿಗೆ ಅಷ್ಟೇ ಗೌರವದಿಂದ ಸಾಕಿದ ಆನೆಯೊಂದಿರುವುದು ಎಂದು ಅವನು ಬರೆಯುವನು. ಅರಸನು ಬದಲಾಗುವನು, ಕುದುರೆಯೂ ಬದಲಾಗುವುದು. ಆದರೆ ಪಟ್ಟದ ಕುದುರೆಯ ಸ್ಥಾನವು ಬರಿದಾಗುವುದಿಲ್ಲ. ರಾಜತ್ವವು ವ್ಯಕ್ತಿಯನ್ನು ಮೀರಿದುದೆಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವ ಬಗೆ ಯಾವುದು? ಸಾಂಚಿಯ ಪೂರ್ವತೋರಣದಲ್ಲಿ ಬುದ್ಧನ ಮಹಾಭಿನಿಷ್ಕ್ರಮಣವನ್ನು ಛತ್ರದ ಕೆಳಗಿನ ಬರಿಬೆನ್ನಿನ ಕುದುರೆಯಿಂದಲೇ ಸೂಚಿಸಿದೆ. ಆಂಧ್ರದ ಜಗ್ಗಯ್ಯಪೇಟದ ಶಿಲ್ಪದಲ್ಲಿ ಚಕ್ರವರ್ತಿಯು ಹಸ್ತಿರತ್ನ, ಅಶ್ವರತ್ನ ಮೊದಲಾದ ಸಪ್ತರತ್ನಗಳ ನಡುವೆ ನಿಂತಿರುವನು. ಅದೇ ಶಿಲ್ಪಪರಂಪರೆಯ ಸ್ತೂಪವೊಂದು ಚಿತ್ತಾಪುರದ ದಕ್ಷಿಣಕ್ಕೆ, ಸನ್ನತಿಯ ಬಳಿಯ ಕನಗನಹಳ್ಳಿಯಲ್ಲಿ 1990ರ ದಶಕದ ಉತ್ಖನನದಿಂದ ಬೆಳಕಿಗೆ ಬಂದಿತು. ಅಶೋಕನ ಹೆಸರನ್ನು ಬರೆದಿರುವ ಅವನ ಶಿಲ್ಪವು ಅಲ್ಲಿಯೇ ದೊರೆತುದು. ಸಾಂಚಿಗೂ ವಿಜಯನಗರಕ್ಕೂ ನಡುವೆ ಸಾವಿರದೈನೂರು ವರ್ಷಗಳ ಅಂತರವಿದೆ. ಒಂದರಿಂದ ಇನ್ನ��ಂದು ನೇರವಾಗಿ ಬಂದಿತೆಂದು ನಾವು ಹೇಳುವುದಿಲ್ಲ. ಆದರೆ ಬರಿಬೆನ್ನಿನ ಕುದುರೆ ಮತ್ತು ಅದರ ಮೇಲಣ ಛತ್ರವು ಕಾಣದ ಒಡೆಯನನ್ನು ಸೂಚಿಸುವುದೆಂಬ ಅರಿವು ಈ ನಾಡಿನಲ್ಲಿ ಬಹು ಹಳೆಯದೆಂಬುದು ನಿರ್ವಿವಾದ.

ಕುದುರೆಯ ಬೆಲೆಯನ್ನೂ ಇಲ್ಲಿ ನೆನೆಯಬೇಕು. ವಿಜಯನಗರದ ಅರಸನು ವರ್ಷವರ್ಷವೂ ಹೊರ್ಮುಜಿನ ಮತ್ತು ನಾಡಿನ ಕುದುರೆಗಳನ್ನು ಒಟ್ಟು 13,000ದಷ್ಟು ಕೊಂಡು, ಉತ್ತಮವಾದುವನ್ನು ತನ್ನ ಲಾಯಕ್ಕೆ ಇಟ್ಟುಕೊಂಡು ಉಳಿದುವನ್ನು ನಾಯಕರಿಗೆ ಹಂಚುತ್ತಿದ್ದನೆಂದು ನೂನಿಜನು ಹೇಳುವನು. ಮಹಾನವಮಿ ದಿಬ್ಬದ ಶಿಲ್ಪಗಳಲ್ಲಿ ಪರದೇಶೀಯರು ಕುದುರೆಗಳನ್ನು ನಡಸಿಕೊಂಡು ಬರುವ ದೃಶ್ಯಗಳಿವೆ. ಅರಸನ ಲಾಯವು ರಾಜ್ಯದ ಬೊಕ್ಕಸದ ಕಣ್ಣಿಗೆ ಕಾಣುವ ಭಾಗವಾಗಿತ್ತು.

7. ಅನ್ಯದೇಶದ ಒಂದು ಹೋಲಿಕೆ

ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿಯು ವರ್ಸಾಯಿ ಅರಮನೆಯ ಮುಂದೆ 1679ರಿಂದ 1682ರ ಅವಧಿಯಲ್ಲಿ ಎರಡು ಅಶ್ವಶಾಲೆಗಳನ್ನು ಕಟ್ಟಿಸಿದನು. ವಾಸ್ತುಶಿಲ್ಪಿಯು ಜೂಲ್ ಆರ್ದೂಆಂ-ಮಾನ್ಸಾರ್. ಒಂದು ಸವಾರಿಯ ಕುದುರೆಗಳಿಗೆ, ಇನ್ನೊಂದು ಬಂಡಿಯ ಕುದುರೆಗಳಿಗೆ. ಅಲ್ಲಿಯ ಕಮಾನುಸಾಲುಗಳು ಗ್ರೀಕ್-ರೋಮನ್ ಪರಂಪರೆಯವು. ದೊಡ್ಡ ಶಾಲೆಯ ಮಹಾದ್ವಾರದ ಮೇಲೆ ನೆಗೆಯುವ ಕುದುರೆಗಳ ಶಿಲ್ಪವಿದೆ. ಎರಡು ಶಾಲೆಗಳೂ ಬಯಲಿನಾಚೆಯಿಂದ ಅರಮನೆಗೆ ಮುಖಮಾಡಿ ನಿಂತಿವೆ. ಹಂಪೆಗೂ ವರ್ಸಾಯಿಗೂ ಯಾವ ಸಂಬಂಧವೂ ಇಲ್ಲ. ಆದರೂ ಎರಡೂ ಕಡೆ ವಾಸ್ತುಕಾರನು ಒಂದೇ ನಿರ್ಧಾರಕ್ಕೆ ಬಂದನು: ಶಾಲೆಯು ಅರಸನ ಕಡೆಗೆ ನೋಡಬೇಕು, ಅರಸನು ಶಾಲೆಯನ್ನು ನೋಡಬೇಕು, ನಡುವಣ ಬಯಲಿನಲ್ಲಿ ಜನರು ಎರಡನ್ನೂ ನೋಡಬೇಕು. ಎರಡೂ ಕಡೆ ತಮ್ಮ ಕಾಲದ ಗೌರವಾನ್ವಿತವಾದ ವಾಸ್ತುಭಾಷೆಯನ್ನು, ಅದು ಎಲ್ಲಿ ಹುಟ್ಟಿತೆಂದು ಕೇಳದೆ, ಬಳಸಿಕೊಂಡರು. ಫ್ರೆಂಚರು ರೋಮಿನ ಕಮಾನನ್ನು ಬಳಸಿದುದನ್ನು ಯಾರೂ 'ಪರಕೀಯ'ವೆಂದು ಹಳಿಯುವುದಿಲ್ಲ.

8. ಉಪಸಂಹಾರ

ಮೇಲಿನ ವಿವೇಚನೆಯಿಂದ ನಾವು ತಲಪುವ ನಿರ್ಣಯಗಳಿವು. ಹಂಪೆಯ ಗಜಶಾಲೆಯು ಸೈನ್ಯದ ಆನೆಗಳ ವಸತಿಯಾಗಿರದೆ ಪಟ್ಟದ ಆನೆಗಳ ಪ್ರದರ್ಶನಸ್ಥಾನವಾಗಿದ್ದಿರಬೇಕು. ಅದರ ತಲವಿನ್ಯಾಸದಲ್ಲಿ ಚತುರಸ್ರ ಘಟಕ, ಪೂರ್ವಭಾಗದ ನೆಲೆ ಮೊದಲಾದ ಶಾಸ್ತ್ರೀಯ ಅಂಶಗಳಿವೆ. ಅದರ ಮುಖವಿನ್ಯಾಸವು ಕಲಬುರಗಿ-ಫಿರೋಜಾಬಾದುಗಳಲ್ಲಿ ಬೆಳೆದ ವಾಸ್ತುಭಾಷೆಯ ಮುಂದುವರಿಕೆ. ಶಾಸ್ತ್ರವನ್ನು ಮೀರಿ ಪಶ್ಚಿಮಕ್ಕೆ ತಿರುಗಿರುವುದರಲ್ಲಿಯೇ ಅದರ ಮುಖ್ಯ ಸಂಕೇತಾರ್ಥವಿದೆ. 'ಹಿಂದೂ', 'ಮುಸಲ್ಮಾನ' ಎಂಬ ಎರಡು ಚೀಟಿಗಳಲ್ಲಿ ಯಾವುದನ್ನು ಅಂಟಿಸಿದರೂ ಕಟ್ಟಡದ ಅರ್ಧಭಾಗವು ಚೀಟಿಯ ಹೊರಗೆ ಉಳಿಯುವುದು.

ಇಷ್ಟೆಲ್ಲವನ್ನೂ ಹೇಳಲು ಸಾಧ್ಯವಾದುದು ಯಾರೋ ತಾಳ್ಮೆಯಿಂದ ಆ ಕಟ್ಟಡವನ್ನು ಅಳೆದು ಗೆರೆಯೆಳೆದುದರಿಂದ. ನಮ್ಮ ಪ್ರದೇಶದಲ್ಲಿ ಕಲ್ಲು ಸದಾ ಕೆಲಸದಲ್ಲಿದೆ. ಶಹಾಬಾದ್, ವಾಡಿ, ಸೇಡಂಗಳ ನೆಲವು ಪರಸಿಯಾಗಿ, ಸಿಮೆಂಟಾಗಿ ದೂರದೂರಿಗೆ ಹೋಗುತ್ತಿದೆ. ಅದು ಜನರ ಜೀವನೋಪಾಯ. ಅದನ್ನು ಆಕ್ಷೇಪಿಸುವುದು ನಮ್ಮ ಉದ್ದೇಶವಲ್ಲ. ಆದರೆ ಹಳೆಯ ಗೋಡೆಯ ಕಲ್ಲೂ ಗಣಿಯ ಕಲ್ಲಿನಂತೆಯೇ ಸುಲಭವಾಗಿ ಗಾಡಿಯೇರಬಲ್ಲದು. ಸೇಡಂ, ಚಿತ್ತಾಪುರ, ಚಿಂಚೋಳಿ ತಾಲ್ಲೂಕುಗಳ ಊರೂರಿನಲ್ಲಿ ಇರುವ ಗುಡಿ, ಗುಮ್ಮಟ, ವಾಡೆ, ಬುರುಜುಗಳನ್ನು ಇತಿಹಾಸದ ವಿದ್ಯಾರ್ಥಿಗಳು ಅಳೆಯುವ ಪಟ್ಟಿಯೊಡನೆ ಹೋಗಿ ಅಳೆದು, ಉಳಿದುದನ್ನು ತುಂಬುಗೆರೆಯಲ್ಲಿಯೂ ಊಹಿಸಿದುದನ್ನು ತುಂಡುಗೆರೆಯಲ್ಲಿಯೂ ಬರೆದಿಟ್ಟರೆ, ಮುಂದಿನವರಿಗೆ ಕೊನೆಗೆ ಚಿತ್ರವಾದರೂ ಉಳಿಯುವುದು. ಮಾನ್ಯಖೇಟದ ಗಜಶಾಲೆಯನ್ನು ಅಂದು ಯಾರಾದರೂ ಹಾಗೆ ಬರೆದಿಟ್ಟಿದ್ದರೆ, ಸುಲೈಮಾನನ ಒಂದು ವಾಕ್ಯವನ್ನು ನಾವು ಇಷ್ಟು ಆಸೆಯಿಂದ ಓದಬೇಕಾಗುತ್ತಿರಲಿಲ್ಲ.